ಅಳಿವೆಯ ರುಚಿ

ಕರಾವಳಿಗೆ ಹೋಗಿಬಂದವರಲ್ಲಿ ಹೆಚ್ಚಿನವರು ನೋಡಿಬಂದಿರುವುದು ಕಡಲನ್ನು, ಊರನ್ನಲ್ಲ. ಕಡಲಿಗೆ ಎದುರಾಗಿ ಕೂತರೆ ಮಲ್ಪೆಯೇನು, ಮುರುಡೇಶ್ವರವೇನು. ಅಲೆ ಬರುತ್ತದೆ, ಹೋಗುತ್ತದೆ. ಅದಕ್ಕೆ ಬೆನ್ನು ಮಾಡಿ ನಿಂತಾಗಲೇ ಒಂದೊಂದು ಊರು ಒಂದೊಂದು ಥರ ಎಂದು ತಿಳಿಯುವುದು. ಎಲ್ಲಿ ಬಾವಿ ತೋಡಿದ್ದಾರೆ, ಎಲ್ಲಿ ಗದ್ದೆ ಮಾಡಿದ್ದಾರೆ, ದೋಣಿಯನ್ನು ಕಡಲಲ್ಲಿ ಬಿಡುತ್ತಾರೋ ಹೊಳೆಯಲ್ಲಿ ಬಿಡುತ್ತಾರೋ, ಸಂಜೆ ಒಲೆಯ ಮೇಲೆ ಏನು ಕುದಿಯುತ್ತಿದೆ ಎಂಬುದರಲ್ಲೆಲ್ಲ ಆ ಊರು ಉಪ್ಪುನೀರಿನ ಜೊತೆ ಮಾಡಿಕೊಂಡ ಒಪ್ಪಂದ ಇರುತ್ತದೆ. ಆ ಒಪ್ಪಂದವನ್ನು ಸವಿಯಲಿಕ್ಕೆಂದೇ ನಾವು ಕೆಲವು ಗೆಳೆಯರು ಕುಮಟಾದಿಂದ ಗೋಕರ್ಣಕ್ಕೆ ಕಡಲಂಚು ಹಿಡಿದು ನಡೆದು ಹೊರಟೆವು.

ಹೆದ್ದಾರಿಯಲ್ಲಿ ಹೋದರೆ ಇದು ಒಂದು ಗಂಟೆಯ ದಾರಿ. ದೀವಗಿಯ ಸೇತುವೆಯ ಮೇಲೆ ಅಘನಾಶಿನಿ ನದಿ ದಾಟಿ, ಮಿರ್ಜಾನ್ ಕೋಟೆಯ ಪಕ್ಕ ಹಾದು, ಎಡಕ್ಕೆ ತಿರುಗಿದರೆ ಗೋಕರ್ಣ. ಕಡಲಂಚಿನ ದಾರಿಗೆ ಅಷ್ಟು ಅವಸರವಿಲ್ಲ. ಹೊಲನಗದ್ದೆ, ಕಡ್ಲೆ, ಗುಡೇಅಂಗಡಿ, ಬಾಡ, ಕಾಗಾಲ ಎಂದು ಊರೂರು ಮಾತಾಡಿಸಿಕೊಂಡು ಹೋಗಿ, ಅಘನಾಶಿನಿ ಎಂಬ ಊರಿನಲ್ಲಿ ಅದೇ ಹೆಸರಿನ ನದಿಯ ಮುಂದೆ ನಿಲ್ಲುತ್ತದೆ. ಅಲ್ಲಿ ಬೋಟು ಹತ್ತಿ ದಾಟಿದರೆ ತದಡಿ. ತದಡಿಯಿಂದ ಬೇಲೆಕಾನ, ಗುಡ್ಡ ಹತ್ತಿಳಿದರೆ ಓಂ, ಕುಡ್ಲೆ, ಆಮೇಲೆ ಗೋಕರ್ಣ. ನಮ್ಮಲ್ಲಿ ಭತ್ತ ಬೆಳೆಯುವ ಮನೆಯಿಂದ ಬಂದ ಮಂಡ್ಯದವನೊಬ್ಬ, ಮೀನು ಮುಟ್ಟದ ದಾವಣಗೆರೆಯವಳೊಬ್ಬಳು, ಮೀನಿಲ್ಲದಿದ್ದರೆ ಅದು ಊಟವೇ ಅಲ್ಲ ಎನ್ನುವ ಮಂಗಳೂರಿನವಳೊಬ್ಬಳು, ಎಲ್ಲರ ಎಲೆಯಿಂದಲೂ ಒಂದೊಂದು ತುತ್ತು ಎತ್ತಿಕೊಳ್ಳುವ ನಾನು. ರುಚಿಯ ವಿಷಯದಲ್ಲಿ ಜಗಳವಾಡಬಲ್ಲ ಜನರ ಜೊತೆಗೇ ತಿರುಗಾಟ ಹೋಗಬೇಕು; ಒಬ್ಬರ ನಾಲಿಗೆಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಕ್ಕುತ್ತದೆ.

ಹೋಳಿ ಹುಣ್ಣಿಮೆಯ ಆಸುಪಾಸು. ಬಿಸಿಲು ಏರುವ ಮೊದಲೇ ನಡೆದು, ಮಧ್ಯಾಹ್ನ ಯಾರದೋ ಜಗಲಿಯಲ್ಲಿ ತಂಗಿ, ಸಂಜೆ ಮತ್ತೆ ನಡೆಯುವುದು. ಕಡ್ಲೆಯ ಕಡೆ ಚಿರೇಕಲ್ಲಿನ ಗುಡ್ಡ ನೇರ ಕಡಲಿಗೇ ಇಳಿಯುತ್ತದೆ. ಮೇಲೆ ಗೇರುಹಣ್ಣು ಕೊಳೆತ ಹುಳಿವಾಸನೆ, ಕೆಳಗೆ ಕರಿಬಂಡೆಗೆ ನೀರು ಬಡಿಯುವ ಸದ್ದು. ಗುಡ್ಡ ಇಳಿದು ಮರಳಿಗೆ ಬಂದರೆ ಸಾಲು ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಅಲೆ ಮುಟ್ಟದ ಎತ್ತರದಲ್ಲಿ ನೇರಳೆ ಹೂವಿನ ಅಡುಂಬು ಬಳ್ಳಿ ಮರಳನ್ನು ಹಿಡಿದುಕೊಂಡಿದೆ. ಅದರ ಹಿಂದೆ ಕೇದಗೆಯ ಮೆಳೆ. ಅದರ ಹಿಂದೆ ತೆಂಗು. ತೆಂಗಿನ ನೆರಳಲ್ಲಿ ಹಂಚಿನ ಮನೆ, ಮನೆಯ ಬದಿಗೆ ಬಾವಿ.

ಆ ಬಾವಿಯ ನೀರೇ ನಮ್ಮ ತಿರುಗಾಟದ ಮೊದಲ ರುಚಿ. ಕಡಲಿಗೆ ಕೂಗಳತೆಯ ದೂರ, ಅಲೆಯ ಸದ್ದು ಕೊಡಪಾನದೊಳಗೂ ಕೇಳುವಷ್ಟು ಹತ್ತಿರ. ಆದರೂ ನೀರು ತಣ್ಣಗೆ, ಸಿಹಿ. ಮಳೆಗಾಲದಲ್ಲಿ ಮರಳಿಗೆ ಇಂಗಿದ ನೀರು ಅಡಿಯ ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದರ ಮೇಲೆ ತೇಲಿ ನಿಂತಿರುತ್ತದೆ. ಹಗ್ಗ ಹಾಕಿ ಬೇಕಾದಷ್ಟೇ ಸೇದಿದರೆ ಬೇಸಿಗೆಯಿಡೀ ಸಿಹಿ. ಪಂಪು ಇಟ್ಟು ಎಳೆದರೆ ಅಡಿಯ ಉಪ್ಪು ಮೇಲೇರುತ್ತದೆ. ನೀರು ಕೊಟ್ಟ ಅಜ್ಜಿಗೆ ಈ ವಿಜ್ಞಾನ ವಿವರಿಸುವ ಅಗತ್ಯವಿರಲಿಲ್ಲ. ‘ಕುಡಿಯೂಕೆ ಎಷ್ಟ್ ಬೇಕೋ ಅಷ್ಟ್ ತಕಳ್ರಾ’ ಎಂದು ಕೊಡಪಾನ ಮುಂದಿಟ್ಟರು. ಅಳತೆ ಅವರ ಮಾತಿನಲ್ಲೇ ಇತ್ತು.

ಕುಮಟಾದ ಸಿಹಿ ಈರುಳ್ಳಿಯನ್ನು ಹೆದ್ದಾರಿಯಲ್ಲಿ ಹೋಗುವ ಯಾರಾದರೂ ನೋಡಿಯೇ ಇರುತ್ತಾರೆ. ಬೇಸಿಗೆಯಲ್ಲಿ ರಸ್ತೆಬದಿಯ ಅಂಗಡಿಗಳಲ್ಲಿ ಸೊಪ್ಪಿನ ಸಮೇತ ಹೆಣೆದ ಗೊಂಚಲುಗಳು ಸಾಲಾಗಿ ತೂಗುತ್ತಿರುತ್ತವೆ. ಅಳ್ವೆಕೋಡಿ, ಹಂದಿಗೋಣದ ಕಡೆಯ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ಅದೇ ಮರಳು ಬೆರೆತ ಮಣ್ಣಿನಲ್ಲಿ ಬೆಳೆಯುವ ಫಸಲು ಅದು. ದಾವಣಗೆರೆಯವಳು ಈರುಳ್ಳಿಯ ಸೀಮೆಯವಳು. ಲಾರಿಗಟ್ಟಲೆ ಈರುಳ್ಳಿ ಕಂಡವಳು. ಇಲ್ಲಿಯದನ್ನು ಹಸಿಯಾಗಿಯೇ ಕಚ್ಚಿ ಒಂದು ಗಳಿಗೆ ಸುಮ್ಮನಿದ್ದಳು. ಮೊದಲು ಗರಿಗರಿ, ಆಮೇಲೆ ರಸ, ರಸದ ಹಿಂದೆ ಸಿಹಿ, ಎಲ್ಲಕ್ಕೂ ಕೊನೆಗೆ ಮೂಗಿನ ತುದಿಯಲ್ಲಿ ಒಂದಿಷ್ಟೇ ಖಾರ. ‘ನಮ್ಮೂರಿನ ಈರುಳ್ಳಿ ಒಗ್ಗರಣೆಗೆ, ಇದು ಬಾಯಿಗೆ’ ಎಂದು ತೀರ್ಪು ಕೊಟ್ಟಳು. ಮೊಸರವಲಕ್ಕಿಯ ಮೇಲೆ ಸಣ್ಣಗೆ ಹೆಚ್ಚಿ ಹಾಕಿಕೊಂಡರೆ ಬೇರೆ ವ್ಯಂಜನವೇ ಬೇಡ. ಇದಕ್ಕೆ ಬಹಳ ದಿನ ತಾಳುವ ಗುಣವಿಲ್ಲ, ದೂರದ ಪೇಟೆಗೆ ಹೋಗುವ ಹಟವೂ ಇಲ್ಲ. ತಿನ್ನಬೇಕೆಂದರೆ ಇಲ್ಲಿಗೇ ಬರಬೇಕು.

ಬಾಡ, ಕಾಗಾಲ ದಾಟುವಾಗ ಕಡಲನ್ನು ಎಡಕ್ಕೆ ಬಿಟ್ಟು ಒಳಗೆ ತಿರುಗಿದರೆ ಮಾಣಿಕಟ್ಟಾದ ಗಜನಿ. ಅಳಿವೆಯ ಪಕ್ಕದ ತಗ್ಗು ನೆಲಕ್ಕೆ ಕಟ್ಟೆ ಕಟ್ಟಿ, ಕಟ್ಟೆಗೆ ಹಲಗೆಯ ಬಾಗಿಲಿಟ್ಟ ಗದ್ದೆಗಳಿಗೆ ಇಲ್ಲಿ ಗಜನಿ ಎನ್ನುತ್ತಾರೆ. ಮಂಡ್ಯದವನು ಕಾಲುವೆ ನೀರಿನ ಲೆಕ್ಕ ಬಲ್ಲವನು. ಗದ್ದೆಗೆ ನೀರು ಬಿಡುವುದು, ಕಟ್ಟುವುದು ಅವನಿಗೆ ಹೊಸದಲ್ಲ. ಆದರೆ ಇಲ್ಲಿ ಬಾಗಿಲಿನಾಚೆ ನಿಂತಿರುವುದು ಉಪ್ಪುನೀರು. ಮಳೆಗಾಲದಲ್ಲಿ ಘಟ್ಟದ ನೀರು ಇಳಿದು ನದಿ ಕಡಲನ್ನು ಹೊರಕ್ಕೆ ನೂಕುತ್ತದೆ, ಅಳಿವೆಯೇ ಸಿಹಿಯಾಗುತ್ತದೆ. ಆಗ ಗಜನಿಯಲ್ಲಿ ಭತ್ತ. ಮಳೆ ನಿಂತು ನದಿ ಬಡವಾದಾಗ ಕಡಲು ಒಳಕ್ಕೆ ಹತ್ತುತ್ತದೆ. ಆಗ ಬಾಗಿಲು ತೆರೆದು ಭರತದ ನೀರನ್ನು ಒಳಬಿಟ್ಟರೆ ಅದೇ ಗದ್ದೆಯಲ್ಲಿ ಶೆಟ್ಲಿ ಎಂಬ ಸಿಗಡಿ, ಮೀನು, ಏಡಿ. ಒಂದೇ ನೆಲ, ಎರಡು ನೀರು, ಎರಡು ಫಸಲು.

ಆ ಭತ್ತದ ಹೆಸರು ಕಗ್ಗ. ಆಳೆತ್ತರ ಬೆಳೆಯುತ್ತದೆ, ನೆರೆ ಬಂದು ಮುಳುಗಿದರೂ ಚೇತರಿಸಿಕೊಳ್ಳುತ್ತದೆ, ಉಪ್ಪು ತಾಕಿದರೂ ಸಾಯುವುದಿಲ್ಲ. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಅದು ಕೊಳೆತದ್ದೇ ಶೆಟ್ಲಿಗೂ ಮೀನಿಗೂ ಮೇವು. ಮೀನಿನ ಬೆನ್ನಿಗೆ ಬೆಳ್ಳಕ್ಕಿ, ಮಿಂಚುಳ್ಳಿ. ನಾವು ನೋಡಿದಾಗ ಗಜನಿಯ ತುಂಬ ನೀರು, ನೀರಿನ ಮೇಲೆ ಕಗ್ಗದ ಕೂಳೆ, ಕೂಳೆಗಳ ನಡುವೆ ಒಂಟಿಕಾಲಲ್ಲಿ ನಿಂತ ಹಕ್ಕಿಗಳು. ಕಟ್ಟೆಯ ಮೇಲೆ ಸಿಕ್ಕಿದ ಹಿರಿಯರು ಮಂಡ್ಯದವನ ಪ್ರಶ್ನೆಗಳಿಗೆಲ್ಲ ಸಮಾಧಾನದಿಂದ ಉತ್ತರಿಸಿದರು. ಎಕರೆಗೆ ಎಷ್ಟು ಮೂಟೆ ಎಂದು ಕೇಳಿದಾಗ ನಕ್ಕು, ‘ಭತ್ತ ಒಂದನ್ನೇ ಎಣಿಸ್ತ್ರಾ? ಶೆಟ್ಲಿ ಯಾರ ಲೆಕ್ಕಕ್ಕೆ?’ ಎಂದರು.

ಆ ರಾತ್ರಿ ಕಗ್ಗದ ಗಂಜಿ ಉಂಡೆವು. ಕೆಂಪು, ದಪ್ಪ ಅಕ್ಕಿ. ಬೇಯಲು ಹೊತ್ತು ಬೇಕು, ಅಗಿಯಲು ಹಲ್ಲು ಬೇಕು. ಮೊದಲ ತುತ್ತಿಗೆ ಸಪ್ಪೆ ಎನ್ನಿಸುತ್ತದೆ. ಎರಡನೆಯದಕ್ಕೆ ತವುಡಿನ ಘಮ, ಮೂರನೆಯದಕ್ಕೆ ನಾಲಿಗೆಯ ಹಿಂಬದಿಯಲ್ಲಿ ಒಂದು ಮೆಲುಸಿಹಿ. ಪಕ್ಕದಲ್ಲಿ ಮಾವಿನ ಮಿಡಿ. ಗಂಜಿ ಬಿಸಿ, ಮಿಡಿ ತಣ್ಣಗೆ. ಗಂಜಿ ಮೆದು, ಮಿಡಿ ಕಟುಂ ಎನ್ನಬೇಕು. ಸೋನಾ ಮಸೂರಿಗೆ ಒಗ್ಗಿದ ನಾಲಿಗೆ ಬೇಗ ನುಂಗಲು ನೋಡುತ್ತದೆ. ಕಗ್ಗ ಅದಕ್ಕೆ ಬಿಡುವುದಿಲ್ಲ. ಇದನ್ನು ಇಷ್ಟು ಹೊತ್ತು ಹೊಗಳಲು ಇನ್ನೊಂದು ಕಾರಣವೂ ಇದೆ. ಸಿಗಡಿಗೆ ಪೇಟೆಯಲ್ಲಿ ಬೆಲೆ ಬಂದ ಮೇಲೆ ಎಷ್ಟೋ ಗಜನಿಗಳಲ್ಲಿ ಭತ್ತ ಬಿಟ್ಟುಹೋಗಿದೆ. ಎರಡು ಫಸಲಿನ ನೆಲ ಒಂದು ಫಸಲಿಗೆ ಇಳಿದಿದೆ. ಮಾಣಿಕಟ್ಟಾದಂಥ ಕಡೆ ಊರವರು ಒಟ್ಟಾಗಿ ಬಿತ್ತುವುದರಿಂದ ಕಗ್ಗ ಇನ್ನೂ ತಟ್ಟೆಗೆ ಬರುತ್ತಿದೆ.

ಊಟ ಮುಗಿಯುವ ಹೊತ್ತಿಗೆ ದೂರದಲ್ಲಿ ಗುಮಟೆಯ ಸದ್ದು. ಇದು ಸುಗ್ಗಿಯ ಕಾಲ. ಕುಮಟಾ, ಅಂಕೋಲಾ ಸೀಮೆಯ ಹಾಲಕ್ಕಿ ಒಕ್ಕಲಿಗರು ಹೋಳಿಯ ಮೊದಲಿನ ದಿನಗಳಲ್ಲಿ ತಲೆಗೆ ತುರಾಯಿ ಕಟ್ಟಿ ಮನೆಮನೆಯ ಅಂಗಳದಲ್ಲಿ ಕುಣಿಯುತ್ತಾರೆ. ಬಣ್ಣದ ಹೂ, ಬೇಗಡೆ, ಹಕ್ಕಿಗಳಿಂದ ತುಂಬಿದ ಆ ತುರಾಯಿ ಕುಣಿಯುವವನ ಮುಖಕ್ಕಿಂತ ದೊಡ್ಡದು. ಹತ್ತಾರು ತುರಾಯಿಗಳು ಸುತ್ತು ಹಾಕುವಾಗ ಅಂಗಳದ ದೀಪದ ಬೆಳಕೂ ಅವುಗಳ ಜೊತೆ ತಿರುಗುತ್ತದೆ. ಹೆಜ್ಜೆ ಹೆಚ್ಚೇನಿಲ್ಲ, ಆದರೆ ಎಲ್ಲರ ಹೆಜ್ಜೆಯೂ ಒಂದೇ ಸಲ ನೆಲ ಮುಟ್ಟಬೇಕು. ಇದೇ ಸಮುದಾಯದ ಹಾಡುಗಳನ್ನು ನೆನಪಿನಲ್ಲಿ ಹೊತ್ತು ನಾಡಿಗೆಲ್ಲ ಹಂಚಿದವರು ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡ. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರಲ್ಲಿ ತೀರಿಕೊಂಡರು. ಕುಣಿತದ ತಂಡ ನಾವು ಉಂಡ ಮನೆಯ ಅಂಗಳಕ್ಕೂ ಬಂತು, ಮನೆಯವರು ಅಕ್ಕಿ, ಕಾಯಿ ಕೊಟ್ಟರು. ತಂಡ ಮುಂದಿನ ಅಂಗಳಕ್ಕೆ ಹೊರಟಿತು.

ಹುಣ್ಣಿಮೆಗೂ ಈ ಊರುಗಳ ಊಟಕ್ಕೂ ನೇರ ನಂಟಿದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಭರತ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಬೇರೆ ದಿನ ನೀರಿನಡಿ ಇರುವ ಕೆಸರಿನ ದಿಬ್ಬಗಳು ಅಘನಾಶಿನಿಯ ಅಳಿವೆಯಲ್ಲಿ ಆಗ ಮೇಲೇಳುತ್ತವೆ. ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಸೊಂಟದುದ್ದ ನೀರಿಗೆ ಇಳಿಯುತ್ತಾರೆ. ಬಳಚು ಎಂಬ ಚಿಪ್ಪುಮೀನು ಹುಡುಕಲು ಮೊದಲು ಬೇಕಾದದ್ದು ಕಾಲು, ಕಣ್ಣಲ್ಲ. ಪಾದದಿಂದ ಕೆಸರು ತಡವಿ, ಗಟ್ಟಿ ಸಿಕ್ಕಿದ ಕೂಡಲೇ ಬಗ್ಗಿ ಎತ್ತುತ್ತಾರೆ. ಮಾತು ನಿಲ್ಲುವುದಿಲ್ಲ, ನಗು ನಿಲ್ಲುವುದಿಲ್ಲ, ಬುಟ್ಟಿ ಮಾತ್ರ ತುಂಬುತ್ತಾ ಹೋಗುತ್ತದೆ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತದೆ, ಇವರ ಕೆಲಸದ ಹೊತ್ತೂ ಅದರ ಜೊತೆ ಸರಿಯುತ್ತದೆ. ಇಲ್ಲಿ ಗಡಿಯಾರಕ್ಕಿಂತ ಚಂದ್ರನ ಮಾತು ನಡೆಯುತ್ತದೆ.

ಬಳಚನ್ನು ತೊಳೆದು ಬೇಯಿಸಿದರೆ ಚಿಪ್ಪು ತಾನಾಗಿ ಬಾಯಿಬಿಡುತ್ತದೆ. ಒಳಗಿನ ಮಾಂಸ ಉಗುರಿನಷ್ಟು. ಕಾಯಿತುರಿ, ಒಣಮೆಣಸು, ಕೊತ್ತಂಬರಿ ಹುರಿದು ಅರೆದು, ಹುಳಿ ಕೂಡಿಸಿ, ನೀರು ಆರುವವರೆಗೆ ಬಾಡಿಸಿದರೆ ಸುಕ್ಕ. ಮಂಗಳೂರಿನವಳು ಚಿಪ್ಪನ್ನೇ ಚಮಚ ಮಾಡಿಕೊಂಡು ಮಸಾಲೆ ಕೆರೆದು ತಿಂದಳು. ಇದನ್ನು ಚೊಕ್ಕವಾಗಿ ತಿನ್ನಲಾಗದು, ಅದೇ ಅದರ ಚಂದ. ಮೊದಲು ಮಸಾಲೆ ಹತ್ತುತ್ತದೆ. ಆಮೇಲೆ ಬಳಚಿನೊಳಗಿನ ಉಪ್ಪು. ಆ ಉಪ್ಪನ್ನು ಅಡುಗೆಯವರು ಹಾಕಿದ್ದಲ್ಲ, ಅಳಿವೆಯೇ ಹಾಕಿದ್ದು. ತಿಂದುಳಿದ ಚಿಪ್ಪೂ ವ್ಯರ್ಥವಲ್ಲ, ಸುಟ್ಟರೆ ಸುಣ್ಣ.

ಈ ರುಚಿಗೆ ಅಘನಾಶಿನಿಯ ಹಣೆಬರಹವೂ ಕಾರಣ. ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕಡಲು ಸೇರುವವರೆಗೆ ಈ ನದಿಗೆ ಒಂದು ದೊಡ್ಡ ಅಣೆಕಟ್ಟೂ ಅಡ್ಡ ಬಂದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಪಾಳಿ ತಪ್ಪದೆ ನಡೆದಿದೆ. ದಕ್ಷಿಣಕ್ಕೆ, ಹೊನ್ನಾವರದ ಶರಾವತಿಯಲ್ಲಿ ಹಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ವಿದ್ಯುದಾಗಾರ ಬಿಡುವ ನೀರು ಬೇಸಿಗೆಯಲ್ಲೂ ಹರಿದು ಬರುತ್ತದೆ. ಅಳಿವೆಯ ಉಪ್ಪು ತಗ್ಗಿತು, ಬಳಚು ಕ್ಷೀಣಿಸಿತು. ನಾಡಿಗೆ ಬೆಳಕು ಕೊಟ್ಟ ನದಿ ತನ್ನ ಬಾಯಿಯ ರುಚಿ ಕಳೆದುಕೊಂಡಿತು. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು, ಜಗತ್ತಿನ ಮಹತ್ವದ ಜೌಗುನೆಲಗಳಲ್ಲಿ ಒಂದೆಂದು. ಪಟ್ಟಿ ನೋಡದವರೂ ಒಂದು ಹಿಡಿ ಬಳಚು ತಿಂದು ಅದನ್ನೇ ಹೇಳಿಯಾರು.

ಅಘನಾಶಿನಿಯಿಂದ ತದಡಿಗೆ ಬೋಟು ದಾಟುವ ಹೊತ್ತು ಬಹಳವಲ್ಲ. ಆದರೆ ಆ ನಡುನೀರಿನಲ್ಲಿ ನಿಂತರೆ ಒಂದು ಪಕ್ಕ ಕಡಲು ತೆರೆದ ಬಾಯಿ, ಇನ್ನೊಂದು ಪಕ್ಕ ಘಟ್ಟದ ನೀಲಿ ಗೆರೆ. ಎರಡರ ನಡುವಿನ ಎಳೆದಾಟ ಬೋಟಿನ ಅಡಿಯಲ್ಲೇ ನಡೆಯುತ್ತಿರುತ್ತದೆ. ಬೈಕು ಹತ್ತಿಸಿದ ಹುಡುಗರು, ಮೀನಿನ ಬುಟ್ಟಿ, ಶಾಲೆಯ ಚೀಲ ಎಲ್ಲವೂ ಒಟ್ಟಿಗೆ ದಾಟುತ್ತವೆ. ತದಡಿ ಮೀನುಗಾರಿಕೆಯ ಬಂದರು. ಊಟದ ಎಲೆಗೆ ಕುಚ್ಚಲಕ್ಕಿ ಅನ್ನ, ಹುರಿದ ನೊಗಲಿ, ಬಂಗುಡೆಯ ಸಾರು ಬಂತು. ನೊಗಲಿ ಉಡುಪಿಯವರ ಕಾಣೆ. ಅಳಿವೆಯ ಮರಳಿನಲ್ಲಿ ತಿರುಗಾಡುವ ತೆಳು ಮೀನು, ಮುಳ್ಳು ಬಿಡಿಸುವುದು ಸುಲಭ, ಮಾಂಸ ಬೆಳ್ಳಗೆ. ಸಾರಿನಲ್ಲಿ ಮಂಗಳೂರಿನವಳನ್ನು ತಡೆದು ನಿಲ್ಲಿಸಿದ್ದು ಜುಮ್ಮನಕಾಯಿ. ಬಂಗುಡೆ, ತಾರ್ಲೆಯಂಥ ಜಿಡ್ಡಿನ ಮೀನಿಗೆ ಇಲ್ಲಿಯವರು ಇದನ್ನು ಜಜ್ಜಿ ಹಾಕುತ್ತಾರೆ. ಜಿಡ್ಡು ನಾಲಿಗೆಯಲ್ಲಿ ಹರಡುವಷ್ಟರಲ್ಲಿ ಇದು ಜುಮ್ಮೆಂದು ಅದನ್ನು ಒರೆಸಿಬಿಡುತ್ತದೆ. ಮುಂದಿನ ತುತ್ತು ಮತ್ತೆ ಮೊದಲ ತುತ್ತೇ. ದಾವಣಗೆರೆಯವಳಿಗೆ ಪಕ್ಕದ ಮನೆಯಿಂದ ಮೊಗೆಕಾಯಿಯ ತೆಳ್ಳೇವು, ಜೋನಿಬೆಲ್ಲ ಬಂತು. ಕಾಗದದಷ್ಟು ತೆಳ್ಳಗಿನ ದೋಸೆ, ಅದರ ಮೇಲೆ ಹರಿಯುವ ಕಬ್ಬಿನ ಬೆಲ್ಲ. ಅದನ್ನು ಹಂಚಿಕೊಳ್ಳಲು ಅವಳು ಒಪ್ಪಲಿಲ್ಲ.

ತದಡಿಯಿಂದ ನದಿಯ ಮೇಲ್ಗಡೆಗೆ ಸಾಣಿಕಟ್ಟಾ. ಇಲ್ಲಿಯ ಉಪ್ಪಿನ ಆಗರಗಳನ್ನು ಬಿಸಿಲು ನೆತ್ತಿಗೇರಿದಾಗಲೇ ನೋಡಬೇಕು. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತದಲ್ಲಿ ಒಳಬಿಟ್ಟ ನೀರನ್ನು ಒಂದು ಕೊಳದಿಂದ ಇನ್ನೊಂದಕ್ಕೆ ದಾಟಿಸುತ್ತಾ, ಬಿಸಿಲಿಗೆ ಮಂದವಾಗಿಸುತ್ತಾ, ಕೊನೆಗೆ ತುಳಿದು ಗಟ್ಟಿ ಮಾಡಿದ ಕಿರುಮಡಿಗಳಿಗೆ ಬಿಡುತ್ತಾರೆ. ಅಲ್ಲಿ ಹರಳು ಕಟ್ಟುತ್ತದೆ. ಉದ್ದ ಕೋಲಿನ ಹಲಗೆಯಿಂದ ಕೆಲಸದವರು ಅದನ್ನು ಬಳಿಯುತ್ತಾರೆ. ಕೈ ಭಾರವಾದರೆ ಅಡಿಯ ಮಣ್ಣೂ ಬರುತ್ತದೆ, ಹಗುರವಾದರೆ ಉಪ್ಪು ಉಳಿಯುತ್ತದೆ. ತಲೆತಲಾಂತರದಿಂದ ಈ ಕೆಲಸ ಬಲ್ಲವರು ಆಗೇರರು. ಮಳೆಯ ಮೊದಲ ಹನಿ ಬೀಳುವವರೆಗೆ ಮಾತ್ರ ಈ ಕಸುಬು. ಒಂದು ಅಕಾಲದ ಮಳೆ ಬಂದರೆ ಹರಳು ಮತ್ತೆ ನೀರು.

ಸಾಣಿಕಟ್ಟಾದ ಹರಳುಪ್ಪು ಅಪ್ಪಟ ಬಿಳಿಯಲ್ಲ, ತುಸು ಮಣ್ಣಿನ ಬಣ್ಣ. ಒಂದು ಹರಳನ್ನು ನಾಲಿಗೆಯ ಮೇಲಿಟ್ಟರೆ ಪ್ಯಾಕೆಟಿನ ಪುಡಿಯುಪ್ಪಿನ ಹಾಗೆ ತಟ್ಟನೆ ಚುಚ್ಚುವುದಿಲ್ಲ, ನಿಧಾನವಾಗಿ ಬಿಡುತ್ತದೆ. ಘಟ್ಟದ ಮೇಲಿನ ಮನೆಗಳಲ್ಲಿ ಮಿಡಿ ಉಪ್ಪಿನಕಾಯಿಗೆ ಇದೇ ಉಪ್ಪು ಆಗಬೇಕೆನ್ನುತ್ತಾರೆ. ಕಗ್ಗದ ಗಂಜಿಯ ಪಕ್ಕ ನಾವು ಕಚ್ಚಿದ ಮಿಡಿ ಘಟ್ಟದ್ದು, ಅದು ಹೀರಿಕೊಂಡ ಉಪ್ಪು ಅಳಿವೆಯದ್ದು. ನದಿ ಕೆಳಗಿಳಿಯುತ್ತದೆ, ಉಪ್ಪು ಮೇಲೇರುತ್ತದೆ, ಲೇವಾದೇವಿ ಸರಿಹೋಗುತ್ತದೆ. ಇಂಥ ಉಪ್ಪಿನ ಮೇಲೆ ಪರರ ಸರ್ಕಾರ ತೆರಿಗೆ ಹಾಕಿದಾಗ ಈ ಸೀಮೆ ಸುಮ್ಮನಿರಲಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾನೂನು ಮುರಿದರು. ಉಪ್ಪು ಎಂದರೆ ಏನೆಂದು ತಿಳಿದ ಜನ ಅವರ ಹಿಂದೆ ನಿಂತರು.

ಬೇಲೆಕಾನದಿಂದ ಮುಂದಿನ ದಾರಿ ಎಲ್ಲರಿಗೂ ಗೊತ್ತಿರುವುದೇ. ಗುಡ್ಡದಂಚಿನ ಕಾಲುದಾರಿ, ಬಂಡೆಗಳ ನಡುವೆ ಸಣ್ಣ ಸಣ್ಣ ತೀರಗಳು, ಓಂ ತೀರದ ಎರಡು ಬಾಗು, ಕಾಫಿಗೆ ಪಟ್ಟಣದ ಬೆಲೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗೋಕರ್ಣದ ಪೇಟೆಯಲ್ಲಿ, ಕೊರಳ ತುಂಬ ಕರಿಮಣಿ ಸರ ಹಾಕಿದ ಹಾಲಕ್ಕಿ ಹೆಂಗಸರು ತರಕಾರಿ ಹರಡಿಕೊಂಡು ಕೂತ ಕಡೆ ಮತ್ತೆ ಊರು ಸಿಕ್ಕಿತು. ಬೇಲೆಯ ಮರಳುಮಣ್ಣಿನಲ್ಲಿ ಬೆಳೆದ ಸೊಪ್ಪು, ಬದನೆ. ಚೌಕಾಸಿಗಿಂತ ಕುಶಲಪ್ರಶ್ನೆಗೆ ಹೆಚ್ಚು ಹೊತ್ತು. ಇಲ್ಲಿಗೆ ಹತ್ತಿರದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬದುಕಿಯೂ ಕತೆಗಳಲ್ಲಿ ಮತ್ತೆ ಮತ್ತೆ ಈ ಊರಿಗೇ ಬರುತ್ತಿದ್ದರು. ಈ ನೆಲದಲ್ಲಿ ಕೆಲವು ದಿನ ಉಂಡವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಬಾವಿ, ಈರುಳ್ಳಿ, ಕಗ್ಗ, ಬಳಚು, ಉಪ್ಪು. ಈ ದಾರಿಯಲ್ಲಿ ನಮಗೆ ಹಿಡಿಸಿದ್ದೆಲ್ಲ ಸಿಹಿನೀರು ಉಪ್ಪುನೀರು ಕೂಡುವ ಜಾಗದ ಬೆಳೆ. ಬರೀ ಕಡಲಾಗಿದ್ದರೆ ಇವುಗಳಲ್ಲಿ ಒಂದೂ ಇಲ್ಲ, ಬರೀ ನದಿಯಾಗಿದ್ದರೂ ಇಲ್ಲ. ಎರಡೂ ಇದ್ದರಷ್ಟೇ ಸಾಲದು. ಯಾವಾಗ ಬಾಗಿಲು ತೆರೆಯಬೇಕು, ಯಾವಾಗ ಹಾಕಬೇಕು, ಎಷ್ಟು ಸೇದಬೇಕು, ಎಷ್ಟು ಮೆಲ್ಲಗೆ ಬಳಿಯಬೇಕು ಎಂದು ಬಲ್ಲವರು ಬೇಕು. ಕಟ್ಟೆ ಒಂದು ವರ್ಷ ಒಡೆದರೆ ಭತ್ತ ಹೋಗುತ್ತದೆ, ನದಿಯ ಪಾಳಿ ತಪ್ಪಿದರೆ ಬಳಚು ಹೋಗುತ್ತದೆ. ಕರಾವಳಿಯ ಸೊಬಗನ್ನು ಪ್ರಕೃತಿಯ ಕೊಡುಗೆ ಎಂದು ಹೊಗಳುವಾಗ ಈ ಕೈಗಳನ್ನು ಬಿಟ್ಟುಬಿಡುತ್ತೇವೆ. ಕೊಡುಗೆಯ ಅರ್ಧ ಅವರದ್ದು.

ಹೋಗುವವರಿಗೆ ಒಂದು ಮಾತು. ಕೋಣೆ ಕಾಯ್ದಿರಿಸುವ ಮೊದಲು ಪಂಚಾಂಗ ನೋಡಿ. ಹುಣ್ಣಿಮೆಯೋ ಅಮಾವಾಸ್ಯೆಯೋ ಹತ್ತಿರವಿರಲಿ. ಇಳಿತದ ಹೊತ್ತಿಗೆ ಅಳಿವೆಯ ದಡದಲ್ಲಿರಿ. ಕಗ್ಗದ ಅಕ್ಕಿ ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳಿ. ಜೊತೆಗೆ ಒಬ್ಬ ಗದ್ದೆಯವನನ್ನು, ಒಬ್ಬಳು ಅಡುಗೆ ಬಲ್ಲವಳನ್ನು ಕರೆದೊಯ್ಯಿರಿ. ಸಮುದ್ರಸ್ನಾನಕ್ಕೆ ಪುರುಸೊತ್ತು ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನಮಗೂ ಸಿಗಲಿಲ್ಲ.